ನೋಹನ ಓರಗೆಯವನು

ಕರುಬಾನ್, ನ್ಯೂ ಐರ್ಲೆಂಡ್
೧೪ ಜೂನ್ ೧೯೯೮

ಪ್ರೀತಿಯ ದೊರ್ಕಾ,

ಮಾವನ ಆಶೀರ್ವಾದ. ನಾವಿಬ್ಬರೂ ಇದ್ದೇವೆ. ನೀನು ಕ್ಯಾನ್‌ಬೆರಾದಿಂದ ಕಳಿಸಿದ ಉಣ್ಣೆ ಅಂಗಿಯನ್ನು ನಿನ್ನ ಅತ್ತೆ ತಲೆದಿಂಬಿಗೆ ತೊಡಿಸಿದ್ದಾಳೆ. "ಇದನ್ನ ಹಾಕ್ಕೊಂಡು ಕೆಸುವಿನ ತೋಟಕ್ಕೆ ಹೋದ್ರೆ ನಾನೇ ಬೆಂದು ಗೆಡ್ಡೆ ಆಗ್ತೀನಿ" ಅಂತ ನಗುತ್ತಾಳೆ. ನಕ್ಕಳು ಅನ್ನುವುದಕ್ಕಾಗಿಯೇ ಇದನ್ನು ಮೊದಲು ಬರೆದೆ.

ಈಗ ಕೆಲಸದ ಮಾತು. ನಿಮ್ಮವರು ಬಾವಲಿ ಗವಿಯಲ್ಲಿ ಅಗೆದು ತೆಗೆದ ಗವಿಯಜ್ಜನ ಮೂಳೆಯನ್ನು ಪರೀಕ್ಷೆಗೆ ಅಂತ ತೆಗೆದುಕೊಂಡು ಹೋಗಿ ವರ್ಷವಾಯಿತು. ಆ ಗವಿ ನಮ್ಮ ದೊಡ್ಡ ಹಕ್ಕಿ ಕುಲದ್ದು. ನಮ್ಮಲ್ಲಿ ಕುಲ ತಾಯಿಯ ಕಡೆಯಿಂದ, ಅಂದರೆ ಅದು ನಿನ್ನ ತಾಯಿಯದು, ಈಗ ನಿನ್ನದು. ನಾನು ಸೋದರಮಾವ, ಕುಲದ ಪರ ಮಾತಾಡುವ ಬಾಯಿ ಮಾತ್ರ ನನ್ನದು. ಆ ಬಾಯಿಂದ ನಿಮ್ಮ ಪ್ರೊಫೆಸರರಿಗೆ "ಅಗೆಯಿರಿ" ಅಂದದ್ದು ಯಾಕೆ ಅಂತ ನಿನಗೆ ಗೊತ್ತು. ವೇದಪುಸ್ತಕ ನಿಜ ಅನ್ನುವುದಾದರೆ ಮಣ್ಣು ಅದಕ್ಕೆ ಎದುರು ಮಾತಾಡಲಾರದು. ನನಗೆ ಆ ಧೈರ್ಯ ಇದೆ.

ಅಜ್ಜ ವಾಪಸ್ಸು ಬಂದಾಗ ನಮ್ಮ ಕ್ರೈಸ್ತ ಸಭೆಯ ಸ್ಮಶಾನದಲ್ಲಿ, ನಮ್ಮ ಮಗಳು ಹುಲ್ದಾಳ ಪಕ್ಕದಲ್ಲಿ ಹೂಳಬೇಕು ಅಂತ ನನ್ನ ಆಸೆ. ಕೊನೆಯ ದಿನ ಕಹಳೆ ಊದಿ ಸತ್ತವರು ಏಳುವಾಗ ಎಲ್ಲರೂ ಒಂದೇ ಕಡೆ ಏಳಲಿ. ಆದರೆ ಹಳ್ಳ ತೋಡಬೇಕಾದವರು ಎದುರು ಕುಲದವರು, ಚಿಕ್ಕ ಹಕ್ಕಿಯವರು. ಅಂದರೆ ನಿನ್ನ ಅತ್ತೆಯ ಅಣ್ಣ ಓಬೇದ. ಅವನೋ ಸಭೆಯ ದೀಕ್ಷಿತ ಸೇವಕ, ಕಲ್ಲಿನ ತಲೆ.

"ಭಾವ, ಹಂದಿ ತಿಂದು ಭೂತಕ್ಕೆ ಕೈಮುಗಿದು ಸತ್ತವನನ್ನ ನನ್ನ ಸೊಸೆ ಪಕ್ಕ ಮಲಗಿಸ್ತೀರಾ?" ಅಂದ.

"ಆ ಕಾಲಕ್ಕೆ ಈ ದ್ವೀಪಕ್ಕೆ ಹಂದಿಯೇ ಬಂದಿರಲಿಲ್ಲವಂತೆ, ದೊರ್ಕಾ ಹೇಳಿದ್ದಾಳೆ" ಅಂದೆ.

"ಹಾಗಾದ್ರೆ ಏಡಿ ತಿಂದಿರ್ತಾನೆ. ಅದೂ ನಿಷಿದ್ಧವೇ!"

ನಗಬೇಡ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇದೆ. ಆದರೆ ಅಜ್ಜನ ಕಾಲ ಗೊತ್ತಾಗಬೇಕು.

ಇನ್ನೊಂದು. ಇದು ನಿನಗೆ ಮಾತ್ರ. ಶನಿವಾರ ಸಬ್ಬತ್ ಆರಾಧನೆ, ಊಟ ಮುಗಿಸಿ ನಾವಿಬ್ಬರೂ ಚಾಪೆ ಹಿಡಿದು ಹುಲ್ದಾಳ ಹತ್ತಿರ ಹೋಗಿ ಕೂರುತ್ತೇವೆ. ನಿನ್ನ ಅತ್ತೆ ಕೇಳುತ್ತಾಳೆ, "ಇನ್ನೆಷ್ಟು ಅಂದ್ರಿ?" ನಾನು ಲೆಕ್ಕ ಹೇಳುತ್ತೇನೆ: ಭೂಮಿಗೆ ಆರು ಸಾವಿರ ವರ್ಷ, ಅದು ತುಂಬುತ್ತಾ ಬಂತು, ಆಮೇಲೆ ಕರ್ತನು ಬರುತ್ತಾನೆ, ಸತ್ತವರು ಏಳುತ್ತಾರೆ, ವಿಶ್ರಾಂತಿ. ಆ ದಿನ ಯಾರಿಗೂ ತಿಳಿಯದು, ಅದು ನನಗೂ ಗೊತ್ತು. ಆದರೆ ಬೆಳಗಾಗುತ್ತಿದೆ ಅನ್ನಲು ಗಡಿಯಾರ ಬೇಕೆ? ಆ ಮಾತು ಕೇಳಿ ಅವಳು ಇನ್ನೊಂದು ವಾರ ಒಲೆ ಹಚ್ಚುತ್ತಾಳೆ. ಗವಿ ಅಗೆದ ಮೇಲೆ ಬೇರೆ ಥರ ಕೇಳಿದಳು: "ಆ ಅಜ್ಜ ಯಾವಾಗಿಂದ ಮಲಗವ್ನೆ? ಅವನಿಗೇ ಇನ್ನೂ ಕರೆ ಬಂದಿಲ್ಲ ಅಂದ್ರೆ, ನಮ್ಮ ಹುಡುಗಿ ಸರದಿ ಯಾವಾಗ?"

ಅಜ್ಜ ಎಷ್ಟು ವರ್ಷ ಹಿಂದಿನವನು ಅನ್ನುವ ಸಂಖ್ಯೆಯನ್ನು ಬೇಗ ಕಳಿಸು ಮಗಳೇ.

ನಿನ್ನ ಮಾವ,
ಮೇಶಕ್


ಕ್ಯಾನ್‌ಬೆರಾ
೩ ಆಗಸ್ಟ್ ೧೯೯೮

ಪ್ರೀತಿಯ ಮಾವನಿಗೆ,

ಅಜ್ಜನ ಮೂಳೆಗಳು ಹಗುರ. ಬಿಸಿ ನಾಡಿನ ಮಣ್ಣಿನಲ್ಲಿ ಪರೀಕ್ಷೆಗೆ ಬೇಕಾದ ಸತ್ವ ಮೂಳೆಯಲ್ಲಿ ಉಳಿಯುವುದು ಕಷ್ಟ. ಕೊನೆಗೆ ಒಂದು ದವಡೆ ಹಲ್ಲಿನಲ್ಲಿ ಸಿಕ್ಕಿತು. ಪರೀಕ್ಷೆ ಅಂದರೆ ಅದನ್ನು ಪುಡಿಮಾಡಿ ಸುಡುವುದೇ, ಮಾವ. ಆ ಹಲ್ಲು ಊರಿಗೆ ಬರುವುದಿಲ್ಲ. ಕ್ಷಮಿಸಿ.

ಸಂಖ್ಯೆ ಐದು ಸಾವಿರದ ಇನ್ನೂರು ವರ್ಷ. ನಿಮ್ಮ ಆರು ಸಾವಿರದ ಒಳಗೇ ಇದೆ. ಇದಕ್ಕೆ ಇನ್ನೇನೂ ಲೆಕ್ಕ ಹಾಕಬೇಡಿ. ಅತ್ತೆಗೆ ಇಷ್ಟನ್ನೇ ಹೇಳಿ.

ಇಲ್ಲಿ ಚಳಿ. ಉಳಿದದ್ದು ಆಮೇಲೆ ಬರೆಯುತ್ತೇನೆ.

ದೊರ್ಕಾ


ಕರುಬಾನ್
೨೦ ಸೆಪ್ಟೆಂಬರ್ ೧೯೯೮

ಪ್ರೀತಿಯ ದೊರ್ಕಾ,

ಹಲ್ಲಿನ ಚಿಂತೆ ಬಿಡು. ಮಣ್ಣಿನಿಂದ ಮನುಷ್ಯನನ್ನು ಮಾಡಿದವನಿಗೆ ಒಂದು ದವಡೆ ಹಲ್ಲು ಕಟ್ಟುವುದು ದೊಡ್ಡ ಮಾತೆ?

ಲೆಕ್ಕ ಹಾಕಬೇಡಿ ಅಂದೆಯಲ್ಲ, ಹಾಕದೆ ಹೇಗೆ? ನೀನು ಅವಸರದಲ್ಲಿ ಒಂದು ಮರೆತಿದ್ದೀಯ. ಜಲಪ್ರಳಯವಾಗಿ ನಾಲ್ಕು ಸಾವಿರದ ಮುನ್ನೂರೈವತ್ತು ವರ್ಷ, ಐದು ಸಾವಿರದ ಇನ್ನೂರು ಅಂದರೆ ಅದಕ್ಕೂ ಮುಂಚೆ. ಅಜ್ಜ ಮುಂಚೆಯೇ ಸತ್ತಿದ್ದರೆ, ಬೆಟ್ಟಗಳೇ ಮುಳುಗಿದ ನೀರಿನಲ್ಲಿ ಅವನು ಮಾತ್ರ ಗವಿಯಲ್ಲಿ ಮಂಡಿ ಮಡಚಿಕೊಂಡು ಮಲಗಿರುತ್ತಿದ್ದನೆ? ಆದ್ದರಿಂದ ಪ್ರಳಯದ ನಂತರದವನೇ.

ನಮ್ಮ ಸಭೆಯ ಮಳೆನೀರಿನ ಟ್ಯಾಂಕು ನೆನಪಿದೆಯಲ್ಲ, ಅಡಿಯಲ್ಲಿ ಸೋರುವುದು? ಸತ್ತವರ ಮೂಳೆಯಿಂದ ಕಾರ್ಬನ್ ಸೋರುವುದೂ ಹಾಗೇ ಅಂತೀರಿ. ಅರ್ಧ ನೀರಿದ್ದರೆ "ಎಷ್ಟು ದಿನದಿಂದ ಸೋರುತ್ತಿದೆ" ಅಂತ ನಿಮ್ಮವರು ಹೇಳುತ್ತಾರೆ. ಆದರೆ ಮೊದಲು ಟ್ಯಾಂಕು ತುಂಬಿತ್ತು ಅಂತ ಇವರಿಗೆ ಹೇಳಿದವರು ಯಾರು? ಪ್ರಳಯಕ್ಕೆ ಮುಂಚೆ ಭೂಮಿಯ ತುಂಬ ಕಾಡು. ಗಾಳಿಯಲ್ಲಿ ನಿಮ್ಮ ಆ ಕಾರ್ಬನ್ ತೆಳು. ಪ್ರಳಯ ಇಳಿದ ಮೇಲೆ ಅದು ನಿಧಾನವಾಗಿ ಏರಿತು. ಹಾಗಾಗಿ ಆ ಕಾಲದವರ ಟ್ಯಾಂಕು ತುಂಬಿಯೇ ಇರಲಿಲ್ಲ. ಅರ್ಧಕ್ಕರ್ಧ ಇದ್ದದ್ದನ್ನು ನೋಡಿ ನೀವು ಬಹಳ ಕಾಲ ಸೋರಿದೆ ಅನ್ನುತ್ತೀರಿ. ಮಿಷನ್ ಶಾಲೆಯ ಹಳೇ ಪತ್ರಿಕೆಗಳಲ್ಲಿ ಓದಿದ್ದನ್ನು ಕೂಡಿಸಿ ನಾನು ಒಂದು ಪಟ್ಟಿ ಮಾಡಿದ್ದೇನೆ: ಒಂದು ಕಡೆ ನಿಮ್ಮ ಸಂಖ್ಯೆ, ಇನ್ನೊಂದು ಕಡೆ ನಿಜವಾದ ವರ್ಷ. ನಿನ್ನ ಐದು ಸಾವಿರದ ಇನ್ನೂರು ಅದರಲ್ಲಿ ನಾಲ್ಕು ಸಾವಿರದ ನೂರಕ್ಕೆ ಇಳಿಯುತ್ತದೆ. ನೋಹ ತೀರಿಕೊಂಡು ನಾಲ್ಕು ಸಾವಿರ ವರ್ಷ. ಅಂದರೆ ಅಜ್ಜ ಮಣ್ಣಿಗೆ ಹೋದಾಗ ನೋಹ ಇನ್ನೂ ಬದುಕಿದ್ದ!

ಓಬೇದನನ್ನು ಮೆಟ್ಟಿಲ ಮೇಲೆ ಕೂರಿಸಿ ಇದನ್ನು ಬಿಡಿಸಿ ಹೇಳಿದೆ. ಬಹಳ ಹೊತ್ತು ಬೆರಳು ಮಡಚಿದ.

"ಅಂದ್ರೆ ಇವನಿಗೆ ನೋಹನನ್ನ ಕಂಡವರ ಪರಿಚಯ ಇತ್ತು ಅಂತೀರಿ."

"ನೋಹನ ಓರಗೆಯವನೇ ಇರಬಹುದು ಅಂತೀನಿ. ಹಡಗಿನ ಡಾಂಬರು ಇನ್ನೂ ಆರದ ಕಾಲ. ದೇವರನ್ನ ಅಷ್ಟು ಬೇಗ ಮರೀತಾರಾ?"

"ನನ್ನ ಮಗ ಪೇಟೆಗೆ ಹೋಗಿ ಮೂರು ತಿಂಗಳಿಗೆ ಮರೆತ" ಅಂದ. ಆದರೂ ಎದ್ದು, "ಆಯ್ತು ಭಾವ, ಹಳ್ಳ ನಾವು ತೋಡ್ತೀವಿ" ಅಂದ.

ನಿನ್ನ ಅತ್ತೆಗೆ ಹೇಳಿದಾಗ, "ಹಾಗಾದ್ರೆ ಎಲ್ಲಾರಿಗಿಂತ ಮೊದಲು ಮಲಗಿದವನೇ ಅವನು. ಅವನಿಗಿಂತ ಹೆಚ್ಚು ಕಾಯೋದು ಯಾರಿಗೂ ಇಲ್ಲ" ಅಂದಳು. ಆ ಸಂಜೆ ಮೀನಿಗೆ ತೆಂಗಿನ ಹಾಲು ಹಾಕಿ ಬೇಯಿಸಿದಳು. ಹುಲ್ದಾ ಹೋದ ಮೇಲೆ ಆ ಅಡುಗೆ ಮನೆಯಲ್ಲಿ ಆಗಿರಲಿಲ್ಲ.

ನಿನ್ನ ಪತ್ರ ಯಾಕೆ ಅಷ್ಟು ಚಿಕ್ಕದು? ಊಟ ಸರಿಯಾಗಿ ಮಾಡುತ್ತಿಲ್ಲ ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಅಲ್ಲಿ ಗೆಣಸು ಸಿಗುತ್ತದೆಯಲ್ಲ?

ಮೇಶಕ್ ಮಾವ


ಕರುಬಾನ್
೭ ಮಾರ್ಚ್ ೧೯೯೯

ಪ್ರೀತಿಯ ದೊರ್ಕಾ,

ಕ್ರಿಸ್‌ಮಸ್‌ಗೂ ನಿನ್ನ ಪತ್ರ ಇಲ್ಲ. ಪರೀಕ್ಷೆ ಪುಸ್ತಕ ಅಂತ ಇರಬೇಕು. ನಾನೇ ಬರೆಯುತ್ತೇನೆ.

ಅಜ್ಜ ಬಂದ! ಮ್ಯೂಸಿಯಮ್ಮಿನ ಅಧಿಕಾರಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಲಾರಿಯಲ್ಲಿ ಕೂತು ತಂದರು. ಊರಿಗೂರೇ ರಸ್ತೆಗೆ ಬಂದಿತ್ತು. ಅಧಿಕಾರಿ ಒಳ್ಳೆಯವರು, ಆದರೆ ಬಾಯಲ್ಲಿ ಅಡಿಕೆ, ತುಟಿಯೆಲ್ಲ ಕೆಂಪು. ಅಡಿಕೆಯೂ ನಿಷಿದ್ಧವಾದ ನಮ್ಮ ಸಭೆಯ ಹೆಂಗಸರು ಬೇರೆ ಕಡೆ ನೋಡುತ್ತಾ ನಿಂತರು. ಭಾಷಣದಲ್ಲಿ ಅವರು ಹೇಳಿದರು, "ನಿಮ್ಮ ಈ ಪೂರ್ವಜರು ಹದಿಮೂರು ಸಾವಿರದ ಒಂಬೈನೂರು ವರ್ಷ ಹಿಂದಿನವರು."

ಓಬೇದ ನನ್ನ ಕಡೆ ತಿರುಗಿದ. "ಭಾವ, ನೋಹನ ಓರಗೆಯವನಿಗೆ ದಾರೀಲಿ ವಯಸ್ಸಾದ ಹಾಗಿದೆ" ಅಂದ. ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ನಿನ್ನ ಅತ್ತೆ ನಗಲಿಲ್ಲ.

ಮನೆಗೆ ಬಂದವನೇ ಪಟ್ಟಿ ತೆಗೆದೆ. ನೀವು ಎರಡನೇ ಸಲ ಪರೀಕ್ಷೆ ಮಾಡಿರಬೇಕು, ಹೊಸ ಯಂತ್ರ ಬಂದಿರಬೇಕು ಅಂತ ಅಂದುಕೊಂಡೆ. ಹದಿಮೂರು ಸಾವಿರದ ಒಂಬೈನೂರು ಎಲ್ಲಿ ಇಳಿಯಿತು ಗೊತ್ತೆ? ನಾಲ್ಕು ಸಾವಿರದ ಇನ್ನೂರೈವತ್ತು! ಬರೀ ನೂರೈವತ್ತು ವರ್ಷ ಹಿಂದಕ್ಕೆ ಹೋದ, ಅಷ್ಟೇ. ಹೋದದ್ದೂ ಒಳ್ಳೆಯದೇ, ನೋಹನಿಗೆ ಇನ್ನೂ ಹತ್ತಿರವಾದ. ಓಬೇದನಿಗೆ ತೋರಿಸಿದೆ. "ನಿಮ್ಮ ಪಟ್ಟಿ ಗಟ್ಟಿ ಇದೆ" ಅಂದ.

ನಿನ್ನ ಅತ್ತೆಗೂ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ನಿನಗೆ ಗೊತ್ತು. ನನ್ನ ಬೆರಳು ಎಲ್ಲಿ ನಿಂತಿತೋ ಅಲ್ಲಿ ನೋಡಿದಳು. "ದೊರ್ಕಾ ಏನಂತಾಳೆ?" ಅಂದಳು.

ಎರಡನೇ ಪರೀಕ್ಷೆಯ ವಿಷಯ ಎರಡು ಸಾಲು ಬರೆ. ಅವಳಿಗೆ ಓದಿ ಹೇಳಬೇಕು. ಜೂನ್ ತಿಂಗಳಲ್ಲಿ ಮಣ್ಣು ಮಾಡುತ್ತೇವೆ.

ಮೇಶಕ್ ಮಾವ


ಕ್ಯಾನ್‌ಬೆರಾ
೧೨ ಏಪ್ರಿಲ್ ೧೯೯೯

ಪ್ರೀತಿಯ ಮಾವನಿಗೆ,

ಈ ಪತ್ರವನ್ನು ಅತ್ತೆಗೆ ಓದಿ ಹೇಳಬೇಡಿ.

ಎರಡನೇ ಪರೀಕ್ಷೆ ನಡೆದಿಲ್ಲ. ಇದ್ದದ್ದು ಒಂದೇ ಪರೀಕ್ಷೆ, ಬಂದದ್ದು ಒಂದೇ ಸಂಖ್ಯೆ: ಹದಿಮೂರು ಸಾವಿರದ ಒಂಬೈನೂರು. ಐದು ಸಾವಿರದ ಇನ್ನೂರು ನಾನೇ ಮೇಜಿನ ಮುಂದೆ ಕೂತು ಹುಟ್ಟಿಸಿದ್ದು. ಅತ್ತೆ ಕೇಳಿದ ಪ್ರಶ್ನೆಯನ್ನು ನಿಮ್ಮ ಪತ್ರದಲ್ಲಿ ಓದಿದ ಮೇಲೆ ನನ್ನ ಕೈಗೆ ನಿಜದ ಸಂಖ್ಯೆ ಬರೆಯಲಾಗಲಿಲ್ಲ. ಹುಲ್ದಾ ಹೆರಿಗೆಯಲ್ಲಿ ತೀರಿಕೊಂಡಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅತ್ತೆ ಅವಳ ಕಾಲು ಹಿಡಿದುಕೊಂಡು ಕೂತದ್ದನ್ನು ನಾನು ನೋಡಿದ್ದೇನೆ. ಆರು ಸಾವಿರದ ಒಳಗೆ ಒಂದು ಸಂಖ್ಯೆ ಕೊಟ್ಟರೆ ಸಾಕು, ಯಾರಿಗೂ ನೋವಿಲ್ಲ ಅಂದುಕೊಂಡೆ. ಪ್ರಳಯ ನನಗೆ ನೆನಪೇ ಆಗಲಿಲ್ಲ. ಸಭೆ ಬಿಟ್ಟು ಎಷ್ಟು ದೂರ ಬಂದಿದ್ದೇನೆ ನೋಡಿ.

ಮಾವ, ನಿಮ್ಮ ಟ್ಯಾಂಕಿನ ಮಾತು ಹುಚ್ಚು ಮಾತಲ್ಲ. ನಮ್ಮವರೂ ಅದನ್ನೇ ಕೇಳಿಕೊಂಡರು, ಮೊದಲು ಎಷ್ಟು ತುಂಬಿತ್ತು ಅಂತ. ಆದರೆ ಆ ಟ್ಯಾಂಕಿನ ಒಳಗೋಡೆಯ ಮೇಲೆ ಗೆರೆಗಳಿವೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ, ಕೆಲವು ಕೆರೆಗಳ ತಳದಲ್ಲಿ ವರ್ಷಕ್ಕೊಂದು ಪದರ ಕೆಸರು, ಹವಳದ ಬಂಡೆ. ಒಂದೊಂದನ್ನೂ ಎಣಿಸಿ, ಅದರಲ್ಲಿ ಕಾರ್ಬನ್ ಎಷ್ಟಿದೆ ಅಂತ ನೋಡಿದ್ದಾರೆ. ಗಾಳಿಯಲ್ಲಿ ಹೆಚ್ಚುಕಮ್ಮಿ ಆಗಿದೆ, ನಿಜ. ಆದರೆ ನೀವು ಹೇಳುವಷ್ಟಲ್ಲ, ನೀವು ಹೇಳುವ ದಿಕ್ಕಿಗೂ ಅಲ್ಲ. ಗೆರೆಗೆ ಹೊಂದಿಸಿದರೆ ಅಜ್ಜನ ವಯಸ್ಸು ಇಳಿಯುವುದಿಲ್ಲ, ಏರುತ್ತದೆ. ಹದಿನಾರು ಸಾವಿರ ದಾಟುತ್ತದೆ.

ಬೈಯುವುದಾದರೆ ಬೈಯಿರಿ. ಸುಮ್ಮನಿರಬೇಡಿ.

ದೊರ್ಕಾ


ಕರುಬಾನ್
೪ ಜುಲೈ ೧೯೯೯

ಪ್ರೀತಿಯ ದೊರ್ಕಾ,

ಬೈಯಲು ಕೂತೆ, ಬರಲಿಲ್ಲ. ನೀನು ಮಾಡಿದ್ದು ನಿನ್ನ ಅತ್ತೆಗಾಗಿ. ಅದನ್ನು ಬೈದರೆ ನನ್ನ ಬಾಯೇ ಹುಳಿಯಾಗುತ್ತದೆ.

ಮರದ ಉಂಗುರ, ಕೆರೆಯ ಕೆಸರು ಇವಕ್ಕೆ ನಾನು ಉತ್ತರ ಹುಡುಕಬಲ್ಲೆ. ಒಂದೇ ವರ್ಷ ಎರಡು ಉಂಗುರ ಬೆಳೆದಿರಬಹುದು ಅಂತ ವಾದ ಹೂಡಬಲ್ಲೆ. ನಿನಗೆ ಗೊತ್ತಲ್ಲ, ವಾದಕ್ಕೆ ನಾನು ಬಡವನಲ್ಲ. ನನ್ನನ್ನು ಕೆಡವಿದ್ದು ನಿನ್ನ ಕೆರೆಯಲ್ಲ ಮಗಳೇ, ನನ್ನ ಪಟ್ಟಿ.

ನೀನು ಹುಟ್ಟಿಸಿದ ಸಂಖ್ಯೆ ಹಾಕಿದಾಗ ಅಜ್ಜ ನೋಹನ ಓರಗೆಯವನಾದ. ನಿಜದ ಸಂಖ್ಯೆ ಹಾಕಿದಾಗಲೂ ನೋಹನ ಓರಗೆಯವನೇ ಆದ. ಎರಡು ಸಲವೂ ನಾನು ಕುಣಿದೆ. ನಿನ್ನ ಪತ್ರ ಓದಿದ ಮೇಲೆ ತೆಂಗಿನ ಮರದ ಕೆಳಗೆ ಕೂತು ಬಾಯಿಗೆ ಬಂದ ಸಂಖ್ಯೆಗಳನ್ನೆಲ್ಲ ಹಾಕಿ ನೋಡಿದೆ. ಏಳು ಸಾವಿರ. ಇಪ್ಪತ್ತು ಸಾವಿರ. ಮೂವತ್ತೆಂಟು ಸಾವಿರ. ಎಲ್ಲರೂ ನೋಹನ ಅಕ್ಕಪಕ್ಕದ ಮನೆಯವರೇ! ಯಾರು ಬಂದು ಕೇಳಿದರೂ ಹೌದು ಅನ್ನುವವನ ಸಾಕ್ಷಿಯನ್ನು ಯಾರು ನಂಬುತ್ತಾರೆ? ಊರಿನ ಪಂಚಾಯಿತಿಯಲ್ಲಿ ಅಂಥ ಸಾಕ್ಷಿ ನಿಂತರೆ ನಾನೇ ಎಬ್ಬಿಸಿ ಕಳಿಸುತ್ತಿದ್ದೆ.

ದೇವರು ಇಲ್ಲ ಅಂತ ನಾನು ಹೇಳುತ್ತಿಲ್ಲ. ಅವನು ಬರುವುದಿಲ್ಲ ಅಂತಲೂ ಅಲ್ಲ. ಬೆಳಗಾಗುತ್ತಿದೆ ಅಂತ ಯಾವುದನ್ನು ನೋಡಿ ಹೇಳುತ್ತಿದ್ದೆನೋ ಅದು ಕಾಣುತ್ತಿಲ್ಲ.

ಮಣ್ಣು ಮಾಡಿದ್ದನ್ನು ಹೇಳಬೇಕು. ಪದ್ಧತಿಯಂತೆ ಎದುರು ಕುಲದ ಹಿರಿಯ ಹೆಂಗಸು ತಲೆಬುರುಡೆ ತೊಳೆಯಬೇಕಲ್ಲ, ಅದು ನಿನ್ನ ಅತ್ತೆಯೇ. ಎಳನೀರು ಸುರಿದು, ಹೆಬ್ಬೆರಳಿನಿಂದ ಕಣ್ಣಿನ ಕುಳಿಯ ಮಣ್ಣು ತೆಗೆದಳು, ಕೂಸಿಗೆ ಮುಖ ತೊಳೆಸುವ ಹಾಗೆ. ತೊಳೆಯುತ್ತಾ ಅವನನ್ನೇ ಕೇಳಿದಳು. ಮೆಲ್ಲಗೆ ಕೇಳಿದಳು, ಆದರೆ ನಾನು ಪಕ್ಕದಲ್ಲೇ ಇದ್ದೆ.

"ಎಷ್ಟು ಹೊತ್ತಾಯ್ತಪ್ಪಾ ನೀನು ಕಾಯ್ತಾ? ನೀನಾದ್ರೂ ಹೇಳು."

ಆಮೇಲೆ ನಾನು ಎದ್ದು ಪ್ರಸಂಗ ಮಾಡಬೇಕಿತ್ತು. ಓಬೇದ ಹಳ್ಳದ ಅಂಚಿನಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ನಿಜ ಹೇಳಿದ್ದರೆ ಅವನು ಅಲ್ಲೇ ಗುದ್ದಲಿ ಬಿಸಾಕುತ್ತಿದ್ದ, ತೊಳೆದ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ನಿನ್ನ ಅತ್ತೆ ನಿಂತಿರುತ್ತಿದ್ದಳು. ಹೇಳಿದೆ, "ಇವನು ನೋಹನ ಓರಗೆಯವನು" ಅಂತ. ಸಭೆ "ಆಮೆನ್" ಅಂದಿತು. ನೋಡು, ನೀನು ಸಂಖ್ಯೆ ಹುಟ್ಟಿಸಿದ್ದಕ್ಕೆ ನಾನು ಬೈಯಲಾರೆ.

ಮನೆಗೆ ನಡೆಯುವಾಗ ನಿನ್ನ ಅತ್ತೆ ಅಂದಳು, "ಇವತ್ತು ನೀವು ಬೇರೆಯವರು ಬರೆದುಕೊಟ್ಟದ್ದನ್ನ ಓದಿದ ಹಾಗಿತ್ತು."

ಮೇಶಕ್ ಮಾವ


ಕ್ಯಾನ್‌ಬೆರಾ
೧೮ ಅಕ್ಟೋಬರ್ ೧೯೯೯

ಪ್ರೀತಿಯ ಮಾವನಿಗೆ,

ನಿಮ್ಮ ಪತ್ರ ಬಂದ ಮೇಲೆ ಮೂರು ಪತ್ರ ಬರೆದು ಹರಿದೆ. ಗೆದ್ದವಳ ಥರ ಬರೆಯಬಾರದು, ಕರುಣೆ ತೋರಿಸುವವಳ ಥರವೂ ಬರೆಯಬಾರದು. ನಿಮ್ಮ ಜೊತೆ ಜಗಳವಾಡಿಕೊಂಡೇ ನಾನು ಇಷ್ಟು ದೂರ ಓದಿದ್ದು. ಈಗ ಆಡಲು ಎದುರಿಗೆ ಯಾರೂ ಇಲ್ಲದ ಹಾಗಿದೆ.

ನೀವೇ ಕಲಿಸಿದ್ದನ್ನು ನಿಮಗೇ ನೆನಪಿಸುತ್ತೇನೆ. ಸಬ್ಬತ್ ಶಾಲೆಯಲ್ಲಿ ನಾನೂ ಹುಲ್ದಾಳೂ ಮೊದಲ ಬೆಂಚಿನಲ್ಲಿ ಕೂತಿದ್ದೆವು. ನೀವು ಹೇಳಿದಿರಿ, ಸತ್ತವರು ನಿದ್ದೆಯಲ್ಲಿರುತ್ತಾರೆ, ನಿದ್ದೆಯಲ್ಲಿರುವವರಿಗೆ ಕಾಲ ಗೊತ್ತಾಗುವುದಿಲ್ಲ, ಕಣ್ಣು ಮುಚ್ಚಿ ತೆರೆದ ಹಾಗೆ ಅಂತ. ಹಾಗಿದ್ದ ಮೇಲೆ ಅಜ್ಜನಿಗೆ ನಾಲ್ಕು ಸಾವಿರವಾದರೇನು, ಹದಿನಾರು ಸಾವಿರವಾದರೇನು? ಹುಲ್ದಾಳಿಗೂ ಅಷ್ಟೇ. ಅವಳು ಕಾಯುತ್ತಿಲ್ಲ ಮಾವ. ಇದನ್ನು ಅತ್ತೆಗೆ ಹೇಳಿ. ಇದು ನನ್ನ ನಂಬಿಕೆ ಅಲ್ಲ, ಆದರೆ ನಿಮ್ಮದು. ಇದಕ್ಕೆ ಯಾವ ಪಟ್ಟಿಯೂ ಬೇಕಿಲ್ಲ.

ಜನವರಿಯಲ್ಲಿ ಬರಲೆ? ಬೇಡ ಅಂದರೆ ಬರುವುದಿಲ್ಲ.

ದೊರ್ಕಾ


ಕರುಬಾನ್
೬ ಫೆಬ್ರುವರಿ ೨೦೦೦

ಪ್ರೀತಿಯ ದೊರ್ಕಾ,

ಜನವರಿ ಕಳೆದೇ ಹೋಯಿತು. ನಿನಗೆ ಉತ್ತರ ಬರೆಯಲಿಲ್ಲ. ಬೇಡ ಅಂತಲ್ಲ. ಬಂದರೆ ನಿನ್ನ ಮುಖ ನೋಡಿ ನಿನ್ನ ಅತ್ತೆ ಏನು ಕೇಳುತ್ತಾಳೋ ಅಂತ ಹೆದರಿದೆ. ಈಗ ಆ ಹೆದರಿಕೆ ಬೇಕಿಲ್ಲ.

ಎರಡು ಸಾವಿರ ಬಂದರೂ ಕಹಳೆ ಊದಲಿಲ್ಲ; ಹೊಸ ವರ್ಷದ ದಿನ ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಂದೆರಡು ಹಾಡು ಹಾಡಿದೆವು, ಮನೆಗೆ ಬಂದು ಗೆಡ್ಡೆ ತಿಂದೆವು. ಓಬೇದ, "ಎರಡು ಸಾವಿರ ಅನ್ನೋದು ಕ್ಯಾಲೆಂಡರಿನವರ ಲೆಕ್ಕ ಭಾವ, ನಿಮ್ಮ ಲೆಕ್ಕ ಏನು?" ಅಂದ. ನನಗೆ ಈಗ ಲೆಕ್ಕ ಬರುವುದಿಲ್ಲ ಅಂದೆ. ತಮಾಷೆ ಅಂದುಕೊಂಡ.

ನೀನು ನೆನಪಿಸಿದ ಪಾಠವನ್ನು ನಿನ್ನ ಅತ್ತೆಗೆ ಹೇಳಿದೆ. ಹುಲ್ದಾ ಕಾಯುತ್ತಿಲ್ಲ, ಅವಳಿಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ ಅಂದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಲಿಲ್ಲ.

"ಅವಳಿಗೆ ತಿಳಿಯೋಲ್ಲ, ಗೊತ್ತು. ಅವಳು ಮಲಗವಳೆ. ನಾನು ಮಲಗಿಲ್ಲವಲ್ಲ."

ಇದಕ್ಕೆ ನಾನು ಏನು ಹೇಳಲಿ ದೊರ್ಕಾ? ನೀನು ಇಷ್ಟು ಓದಿದವಳು, ನಿನಗೇನಾದರೂ ಹೊಳೆದರೆ ಬರೆ. ಸುಳ್ಳಾದರೂ ಆಗಲಿ ಅನ್ನುವಷ್ಟು ದೂರ ಬಂದಿದ್ದೇನೆ. ಆದರೆ ನಮ್ಮಿಬ್ಬರ ಸುಳ್ಳೂ ಅವಳಿಗೆ ಗುರುತು ಸಿಕ್ಕುತ್ತದೆ.

ಅವಳು ಮೊದಲಿನ ಹಾಗೇ ಇದ್ದಾಳೆ. ತೋಟಕ್ಕೆ ಹೋಗುತ್ತಾಳೆ, ಸಭೆಗೆ ಬರುತ್ತಾಳೆ, ಹಾಡು ಬಾಯಿಪಾಠ ಇರುವುದರಿಂದ ಹಾಡುತ್ತಾಳೆ. ನಿನ್ನೆ ಸಬ್ಬತ್. ಊಟವಾದ ಮೇಲೆ ನಾನೇ ಚಾಪೆ ಸುತ್ತಿಕೊಂಡು ಬಾಗಿಲಲ್ಲಿ ನಿಂತೆ.

"ಹೋಗೋಣವೇನೇ?"

"ನೀವು ಹೋಗಿ ಬನ್ನಿ" ಅಂದಳು.

ಒಬ್ಬನೇ ಹೋದೆ. ಅಜ್ಜನ ಮಣ್ಣು ಇನ್ನೂ ಕೂತಿಲ್ಲ, ಉಬ್ಬಿಕೊಂಡೇ ಇದೆ. ಹುಲ್ದಾಳದು ನೆಲಕ್ಕೆ ಸಮ ಆಗಿದೆ. ನಡುವೆ ಚಾಪೆ ಹಾಸಿ ಕೂತೆ. ಅವಳು ಇನ್ನೆಷ್ಟು ಅಂತ ಕೇಳುವ ಹೊತ್ತಿಗೆ ಯಾರೂ ಕೇಳಲಿಲ್ಲ. ಕತ್ತಲಾಗುವ ಮುಂಚೆ ಮನೆಗೆ ಬಂದೆ. ಊಟ ಬಡಿಸಿ ಇಟ್ಟಿದ್ದಳು, ಎಷ್ಟು ಹೊತ್ತು ಕೂತಿದ್ದಿರಿ ಅಂತಲೂ ಕೇಳಲಿಲ್ಲ.

ನಿನ್ನ ಮಾವ,
ಮೇಶಕ್